ತೊಗರಿ ಹಿಟ್ಟು ಹಿಡಿಯುವ ಕಲಬೆರಕೆ

ನೀರು ಬೆರೆಸಿದ ಹಾಲು ತೆಳುವಾಗಿರುತ್ತದೆ. ಅಳೆದರೆ ಸತ್ವವೂ ಕಡಿಮೆ ಬರುತ್ತದೆ. ಇದನ್ನು ಮರೆಮಾಚಲು ಕೆಲವರು ಯೂರಿಯಾ ಸೇರಿಸುವುದುಂಟು. ಹೊಲಕ್ಕೆ ಹಾಕುವ ಈ ಗೊಬ್ಬರ ಹಾಲಿನಲ್ಲಿ ಕರಗಿದರೆ ಕಣ್ಣಿಗೆ ಕಾಣುವುದಿಲ್ಲ. ಹಾಗಾದರೆ ಪತ್ತೆ ಹಚ್ಚುವುದು ಹೇಗೆ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಮನೆಗಳಲ್ಲಿ ಇದಕ್ಕೆ ಬೇಕಾದ ಮುಖ್ಯ ವಸ್ತು ಅಡುಗೆಮನೆಯ ಡಬ್ಬಿಯಲ್ಲೇ ಇದೆ. ಅದು ತೊಗರಿ.

ಒಂದು ಚಮಚ ಹಸಿ ಹಾಲನ್ನು ಪ್ರನಾಳದಲ್ಲಿ ತೆಗೆದುಕೊಳ್ಳಿ. ಹುರಿಯದ ತೊಗರಿಯ ಹಿಟ್ಟನ್ನು ಅರ್ಧ ಚಮಚ ಹಾಕಿ ಚೆನ್ನಾಗಿ ಅಲುಗಾಡಿಸಿ. 5 ನಿಮಿಷ ಬಿಟ್ಟು ಕೆಂಪು ಲಿಟ್ಮಸ್ ಕಾಗದವನ್ನು ಅದ್ದಿ, ಅರ್ಧ ನಿಮಿಷದ ನಂತರ ಹೊರತೆಗೆಯಿರಿ. ಕಾಗದ ನೀಲಿಯಾದರೆ ಹಾಲಿನಲ್ಲಿ ಯೂರಿಯಾ ಇದೆ ಎಂದರ್ಥ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಜನರಿಗಾಗಿ ತಿಳಿಸಿರುವ ಸುಲಭ ಪರೀಕ್ಷೆಗಳಲ್ಲಿ ಇದೂ ಒಂದು. ಪರೀಕ್ಷಿಸಿದ ಹಾಲನ್ನು ಚೆಲ್ಲಿಬಿಡಬೇಕು.

ಇದರ ಗುಟ್ಟೇನು? ತೊಗರಿಯಲ್ಲಿ ಯೂರಿಯೇಸ್ ಎಂಬ ಕಿಣ್ವವಿದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮತ್ತು ಇಂಗಾಲದ ಡೈ ಆಕ್ಸೈಡ್ ಮಾಡುತ್ತದೆ. ಅಮೋನಿಯಾ ಕ್ಷಾರವಾದ್ದರಿಂದ ಲಿಟ್ಮಸ್ ಬಣ್ಣ ಬದಲಾಗುತ್ತದೆ. ಬೇಳೆಯನ್ನು ಹುರಿದರೆ ಶಾಖಕ್ಕೆ ಕಿಣ್ವ ಕೆಟ್ಟು ಪರೀಕ್ಷೆ ಫಲಿಸುವುದಿಲ್ಲ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆಯಿಂದ ಇದೇ ಯೂರಿಯೇಸನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಹರಳಾಗಿ ದೊರೆತ ಮೊದಲ ಕಿಣ್ವ ಅದು. 1946ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಈ ಪ್ರಯೋಗದಲ್ಲಿ ಯೂರಿಯಾವನ್ನು ಗುರುತಿಸಿದ್ದು ಕಿಣ್ವ, ಅದನ್ನು ನಮಗೆ ತಿಳಿಸಿದ್ದು ಲಿಟ್ಮಸ್. ಕಿಣ್ವದಂಥ ಜೈವಿಕ ವಸ್ತುವನ್ನು ವಿದ್ಯುದಗ್ರದ ಮೇಲೆ ಕೂರಿಸಿ, ಬಣ್ಣದ ಬದಲು ವಿದ್ಯುತ್ ಸಂಕೇತ ಬರುವಂತೆ ಮಾಡಿದರೆ ಎರಡೂ ಕೆಲಸ ಒಂದೇ ಉಪಕರಣದಲ್ಲಿ ನಡೆಯುತ್ತವೆ. ಇದೇ ಜೈವಿಕ ಸಂವೇದಕ ಅಥವಾ ಬಯೋಸೆನ್ಸರ್. 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳು ಇದರ ಮೊದಲ ಮಾದರಿಯನ್ನು ವಿವರಿಸಿದರು. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಬಳಸುವ ಗ್ಲುಕೋಮೀಟರ್ ಅದರದೇ ಸಂತತಿ.

ಇಂಡಿ, ಬಸವನ ಬಾಗೇವಾಡಿ ಕಡೆಯ ದ್ರಾಕ್ಷಿ ಬೆಳೆಗಾರರಿಗೂ ಈ ವಿದ್ಯೆ ಬೇಕು. ಬಳ್ಳಿಗೆ ಹೊಡೆದ ಔಷಧಿಯ ಶೇಷ ಹಣ್ಣಿನಲ್ಲಿ ಉಳಿದಿದೆಯೇ ಎಂದು ತಿಳಿಯಲು ಮಾದರಿಯನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಬೇಕು. ಉತ್ತರ ಬರುವಷ್ಟರಲ್ಲಿ ಹಣ್ಣು ಪೇಟೆ ಸೇರಿರುತ್ತದೆ. ಸಂವೇದಕವಾದರೆ ನಿಮಿಷಗಳಲ್ಲಿ ಸುಳಿವು ಕೊಡಬಲ್ಲದು. ನಮ್ಮ ನರಗಳಲ್ಲಿ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವಿದೆ. ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕಗಳು ಇದನ್ನೇ ತಡೆದು ದೇಹಕ್ಕೆ ಹಾನಿ ಮಾಡುತ್ತವೆ. ಅದೇ ಕಿಣ್ವವನ್ನು ಸಂವೇದಕದಲ್ಲಿ ಇಟ್ಟರೆ, ವಿಷ ಹೆಚ್ಚಿದಂತೆ ಅದರ ಕೆಲಸ ಕುಂದಿ ಸಂಕೇತ ಇಳಿಯುತ್ತದೆ. ಆಹಾರದಲ್ಲಿನ ಕೀಟನಾಶಕ ಪತ್ತೆ ಮಾಡುವ ಸಂವೇದಕಗಳ ಮೇಲೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳೂ ಸಂಶೋಧನೆ ನಡೆಸಿದ್ದಾರೆ.

ಆದರೆ ಇದಕ್ಕೂ ಮಿತಿಯಿದೆ. ಕಿಣ್ವವನ್ನು ಯಾವುದೋ ವಸ್ತು ತಡೆದಿದೆ ಎಂದು ಈ ಸಂವೇದಕ ಹೇಳುತ್ತದೆ. ಯಾವ ಔಷಧಿ ಎಂದು ಹೆಸರಿಸಲಾರದು. ಕೆಲವು ಭಾರ ಲೋಹಗಳೂ ಕಿಣ್ವವನ್ನು ತಡೆಯಬಲ್ಲವು. ಬೇರೆ ಬಗೆಯಲ್ಲಿ ಕೆಲಸ ಮಾಡುವ ಕೀಟನಾಶಕವಿದ್ದರೆ ಸಂವೇದಕ ಸುಮ್ಮನಿದ್ದುಬಿಡಬಹುದು. ಕೊನೆಯ ಮಾತು ಪ್ರಯೋಗಾಲಯದ್ದೇ.

ಕುಡಿಯುವ ನೀರಿನ ವಿಷಯದಲ್ಲೂ ಈ ಎಚ್ಚರ ಅಗತ್ಯ. ವಿಜಯಪುರ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್, ನೈಟ್ರೇಟ್ ಹೆಚ್ಚಿವೆ. ಲೀಟರ್ ನೀರಿನಲ್ಲಿ ನೈಟ್ರೇಟ್ 45 ಮಿ.ಗ್ರಾಂ. ಮೀರಬಾರದು. ಫ್ಲೋರೈಡ್ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ನೈಟ್ರೇಟನ್ನು ಕಿಣ್ವದ ಸಂವೇದಕದಿಂದ ಅಳೆಯಬಹುದು. ಫ್ಲೋರೈಡಿಗೆ ಕಿಣ್ವವಿಲ್ಲದ ಬೇರೊಂದು ವಿದ್ಯುದಗ್ರ ಬಳಕೆಯಲ್ಲಿದೆ. ನೀರನ್ನು ಕುದಿಸಿದರೆ ಇವೆರಡೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರತೆ ಹೆಚ್ಚುತ್ತದೆ. ಎಳೆಯ ಮಕ್ಕಳಿರುವ ಮನೆಯವರು ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸುವುದು ಲೇಸು.

ಮತ್ತೆ ಹಾಲಿಗೆ ಬರೋಣ. ಶುದ್ಧ ಹಾಲಿನಲ್ಲೂ ಸ್ವಲ್ಪ ಯೂರಿಯಾ ಸಹಜವಾಗಿಯೇ ಇರುತ್ತದೆ. ಆದ್ದರಿಂದ ಎದುರಿಗೇ ಕರೆದ ಹಾಲನ್ನು ಇನ್ನೊಂದು ಪ್ರನಾಳದಲ್ಲಿಟ್ಟು ಎರಡನ್ನೂ ಹೋಲಿಸಿ ನೋಡಬೇಕು. ವಿದ್ಯಾರ್ಥಿಗಳು ಪರೀಕ್ಷೆಯನ್ನು ಮೂರು ಸಲ ಮಾಡಿ ಫಲಿತಾಂಶ ಬರೆದಿಡಲಿ. ಮೂರು ಸಲವೂ ಕಾಗದ ಎದ್ದು ಕಾಣುವಂತೆ ನೀಲಿಯಾದರೆ ಪಾಲಕರು ಹಾಲಿನ ಮಾದರಿಯನ್ನು ಆಹಾರ ಸುರಕ್ಷತಾ ಅಧಿಕಾರಿಗೆ ಒಪ್ಪಿಸಲಿ. ಒಂದು ಚೂರು ಕಾಗದ ನೀಲಿಯಾಯಿತೆಂದು ಹಾಲಿನವನ ಹೆಸರು ಕೆಡಿಸುವುದು ಬೇಡ.