ಮೈಗ್ರೇನ್‌ ತಡೆಯಲು ಮೆಗ್ನೀಸಿಯಂ, ಬಿ2 ಮಾತ್ರೆ: ಫಾರ್ವರ್ಡ್‌ನಲ್ಲಿ ನಿಜವೆಷ್ಟು?

"ಮೈಗ್ರೇನ್‌ ಬರುವುದೇ ಮೆಗ್ನೀಸಿಯಂ ಕೊರತೆಯಿಂದ. ಈ ಮಾತ್ರೆ ತಗೊಳ್ಳಿ, ಡಾಕ್ಟರ್‌ ಬೇಡ, ಇಂಗ್ಲಿಷ್‌ ಮದ್ದೂ ಬೇಡ." ಇಂಥ ಸಂದೇಶ ಮನೆಯ ವಾಟ್ಸ್‌ಆ್ಯಪ್‌ ಗ್ರೂಪಿಗೆ ಬಂದರೆ ಅರೆತಲೆನೋವಿನಿಂದ ಬೇಸತ್ತವರು ಬೇಗ ನಂಬುತ್ತಾರೆ. ತಪ್ಪೇನಿಲ್ಲ. ಗೇರುಬೀಜದ ಕಾರ್ಖಾನೆಗೆ ಹೋಗುವವರಿಗೆ, ಗಂಗೊಳ್ಳಿ ಬಂದರಿನ ಬಿಸಿಲಿನಲ್ಲಿ ದುಡಿಯುವವರಿಗೆ ಒಂದು ದಿನದ ಮೈಗ್ರೇನ್‌ ಎಂದರೆ ಒಂದು ದಿನದ ಕೂಲಿ ಹೋದ ಹಾಗೆ. ಆದರೆ ಈ ಸಂದೇಶದಲ್ಲಿ ಅರ್ಧ ನಿಜ ಇದೆ, ಅರ್ಧ ಅಪಾಯ ಇದೆ. ಎರಡನ್ನೂ ಬೇರೆ ಮಾಡಿ ನೋಡೋಣ.

ಚುಟುಕಾಗಿ ಉತ್ತರ

ಮೆಗ್ನೀಸಿಯಂ, ಬಿ2 ವಿಟಮಿನ್‌ (ರೈಬೋಫ್ಲೇವಿನ್‌), ಕೋಎಂಜೈಮ್‌ ಕ್ಯೂ10: ಈ ಮೂರು ಕೆಲವರಲ್ಲಿ ಮೈಗ್ರೇನ್‌ ಬರುವ ಸಂಖ್ಯೆಯನ್ನು ಕಡಿಮೆ ಮಾಡಬಹುದು ಎನ್ನಲು ಸ್ವಲ್ಪ ಆಧಾರವಿದೆ. ಇವು ಮೈಗ್ರೇನನ್ನು ಗುಣಪಡಿಸುವುದಿಲ್ಲ. ಶುರುವಾದ ನೋವನ್ನು ನಿಲ್ಲಿಸುವುದಿಲ್ಲ. ವೈದ್ಯರು ಕೊಟ್ಟ ಮದ್ದಿಗೆ ಬದಲಿಯೂ ಅಲ್ಲ, ಜೊತೆಗೆ ಮಾತ್ರ.

ಇದು ಎಷ್ಟು ಜನರ ತೊಂದರೆ?

ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದ 2,329 ಜನರನ್ನು ಮಾತನಾಡಿಸಿ ನಿಮ್ಹಾನ್ಸ್‌ ತಜ್ಞರು ಇತರರೊಂದಿಗೆ ಸೇರಿ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದು ವರ್ಷದಲ್ಲಿ ಮೈಗ್ರೇನ್‌ ಅನುಭವಿಸಿದವರು ಶೇ 25.2. ಅಂದರೆ ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಇದು ನಮ್ಮ ಕರಾವಳಿಯ ಲೆಕ್ಕವಲ್ಲ. ಆದರೂ ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವುದೇ ದೊಡ್ಡ ಮನೆಯಲ್ಲಿ ವಿಚಾರಿಸಿದರೆ, ಕೋಣೆ ಕತ್ತಲೆ ಮಾಡಿ ತಲೆಗೆ ಬಟ್ಟೆ ಕಟ್ಟಿ ಮಲಗುವವರು ಒಬ್ಬರಾದರೂ ಸಿಗುತ್ತಾರೆ.

ಪ್ರಯೋಗಗಳು ಹೇಳುವುದೇನು?

ಬಿ2 ವಿಟಮಿನ್‌: 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 55 ಜನರಿದ್ದರು. ಕೆಲವರಿಗೆ ದಿನಕ್ಕೆ 400 ಮಿಲಿಗ್ರಾಂ ಬಿ2, ಉಳಿದವರಿಗೆ ಅದೇ ರೀತಿ ಕಾಣುವ ಖಾಲಿ ಮಾತ್ರೆ. ಮೂರು ತಿಂಗಳ ಬಳಿಕ ಬಿ2 ತೆಗೆದುಕೊಂಡವರಲ್ಲಿ ಶೇ 59ರಷ್ಟು ಜನರಿಗೆ ತೊಂದರೆ ಅರ್ಧಕ್ಕರ್ಧ ಇಳಿದಿತ್ತು, ಖಾಲಿ ಮಾತ್ರೆಯವರಲ್ಲಿ ಶೇ 15. ಆದರೆ ಗಮನಿಸಿ: ಮಾಮೂಲಿ ಬಿ-ಕಾಂಪ್ಲೆಕ್ಸ್‌ ಮಾತ್ರೆಯಲ್ಲಿ ಬಿ2 ಇರುವುದು ಸುಮಾರು 10 ಮಿಲಿಗ್ರಾಂ. ಅದನ್ನು ನುಂಗಿ ಇದೇ ಫಲ ಬರುತ್ತದೆ ಎಂದುಕೊಳ್ಳಬೇಡಿ. ಬಿ2 ತಗೊಂಡರೆ ಮೂತ್ರ ಗಾಢ ಹಳದಿಯಾಗುತ್ತದೆ, ಹೆದರಬೇಕಿಲ್ಲ.

ಮೆಗ್ನೀಸಿಯಂ: 1996ರಲ್ಲಿ ಪ್ರಕಟವಾದ 81 ಜನರ ಪ್ರಯೋಗದಲ್ಲಿ ದಿನಕ್ಕೆ 600 ಮಿಲಿಗ್ರಾಂ ಪಡೆದವರಲ್ಲಿ ಮೈಗ್ರೇನ್‌ ಶೇ 41.6ರಷ್ಟು ಕಡಿಮೆಯಾಯಿತು, ಖಾಲಿ ಮಾತ್ರೆಯವರಲ್ಲಿ ಶೇ 15.8. ಅದೇ ವರ್ಷ ಬಂದ 69 ಜನರ ಇನ್ನೊಂದು ಪ್ರಯೋಗದಲ್ಲಿ ಏನೂ ಲಾಭ ಕಾಣಲಿಲ್ಲ. ಫಾರ್ವರ್ಡ್‌ಗಳು ಮೊದಲನೆಯದನ್ನು ಮಾತ್ರ ಹೇಳುತ್ತವೆ.

ಕ್ಯೂ10: 2005ರ ಪ್ರಯೋಗದಲ್ಲಿ ಇದ್ದವರು ಬರೀ 42 ಜನ. ಫಲ ಚೆನ್ನಾಗಿತ್ತು, ಆದರೆ ಮಾತ್ರೆ ದುಬಾರಿ.

ಖಾಲಿ ಮಾತ್ರೆ ತಿಂದವರಿಗೂ ಯಾಕೆ ಕಡಿಮೆಯಾಯಿತು? ಮೈಗ್ರೇನ್‌ ತನ್ನಷ್ಟಕ್ಕೇ ಏರಿಳಿಯುತ್ತದೆ. ತುಂಬಾ ಜೋರಾಗಿದ್ದಾಗ ಮದ್ದು ಶುರುಮಾಡುತ್ತೇವೆ, ಮುಂದಿನ ತಿಂಗಳು ಅದಾಗಿಯೇ ಇಳಿಯುತ್ತದೆ, ಹೆಸರು ಮಾತ್ರೆಗೆ ಬರುತ್ತದೆ. "ನಮ್ಮ ಅತ್ತಿಗೆಗೆ ಗುಣವಾಯಿತು" ಎಂಬ ಒಂದು ಮಾತು ಪುರಾವೆ ಆಗದಿರುವುದು ಇದಕ್ಕೇ.

ಗಿಡಮೂಲಿಕೆ ಎಂದರೆ ಅಪಾಯವಿಲ್ಲವೇ?

ಬಟರ್‌ಬರ್‌ ಎಂಬ ಗಿಡದ ಕಥೆ ಕೇಳಿ. 2012ರಲ್ಲಿ ಅಮೆರಿಕದ ನರರೋಗ ತಜ್ಞರ ಅಕಾಡೆಮಿ ಮೈಗ್ರೇನ್‌ ತಡೆಯುವ ಪೂರಕಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಕೊಟ್ಟಿತ್ತು. ಆ ಗಿಡದಲ್ಲಿ ಲಿವರ್‌ಗೆ ಹಾನಿ ಮಾಡುವ ಅಂಶಗಳೂ ಇವೆ. ಸುರಕ್ಷತೆಯ ಪ್ರಶ್ನೆ ಎದ್ದು 2015ರಲ್ಲಿ ಅಕಾಡೆಮಿ ಆ ಮಾರ್ಗಸೂಚಿಯನ್ನೇ ಹಿಂತೆಗೆದುಕೊಂಡಿತು. ಹಳೆಯ ಪಟ್ಟಿ ಮಾತ್ರ ಇಂಟರ್‌ನೆಟ್ಟಿನಲ್ಲಿ ಇನ್ನೂ ಸುತ್ತುತ್ತಿದೆ. ಆನ್‌ಲೈನ್‌ನಲ್ಲಿ ಸಿಕ್ಕಿದರೂ ತರಿಸಬೇಡಿ.

ಯಾರು ಎಚ್ಚರ ವಹಿಸಬೇಕು?

ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮೆಗ್ನೀಸಿಯಂ ಮುಟ್ಟಬಾರದು, ಅದು ದೇಹದಲ್ಲೇ ಉಳಿದು ಅಪಾಯ ತರುತ್ತದೆ. ಉಳಿದವರಿಗೆ ಸಾಮಾನ್ಯ ತೊಂದರೆ ಭೇದಿ. ಥೈರಾಯ್ಡ್‌ ಮಾತ್ರೆ ತಗೊಳ್ಳುವವರು ಎರಡರ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್‌ ತಗೊಳ್ಳುವವರು ಕ್ಯೂ10 ವಿಷಯದಲ್ಲಿ ಹುಷಾರಾಗಿರಬೇಕು. ಗರ್ಭಿಣಿಯರು, ಹಾಲೂಡಿಸುವವರು ಯಾವುದನ್ನೂ ಸ್ವಂತ ತೀರ್ಮಾನದಿಂದ ಶುರುಮಾಡಬಾರದು.

ನಮ್ಮೂರಿನ ಊಟದಲ್ಲಿ ಏನಿದೆ?

2021ರಲ್ಲಿ ಬ್ರಿಟಿಷ್‌ ಮೆಡಿಕಲ್‌ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ ಕರಾವಳಿಯವರಿಗೆ ಆಸಕ್ತಿಯದ್ದು. 182 ಮೈಗ್ರೇನ್‌ ರೋಗಿಗಳಿಗೆ 16 ವಾರ ಬೇರೆಬೇರೆ ರೀತಿಯ ಊಟ ಕೊಡಲಾಯಿತು. ಮೀನಿನಲ್ಲಿರುವ ಒಮೆಗಾ-3 ಹೆಚ್ಚಿಸಿ, ಸೂರ್ಯಕಾಂತಿ, ಸೋಯಾ ಎಣ್ಣೆಗಳಲ್ಲಿ ಹೆಚ್ಚಿರುವ ಲಿನೋಲಿಯಿಕ್‌ ಕೊಬ್ಬನ್ನು ಕಡಿಮೆ ಮಾಡಿದವರಿಗೆ, ಮಾಮೂಲಿ ಊಟದವರಿಗೆ ಹೋಲಿಸಿದರೆ ತಿಂಗಳಿಗೆ ಸುಮಾರು ನಾಲ್ಕು ದಿನ ತಲೆನೋವು ಕಡಿಮೆಯಾಯಿತು. ನಮ್ಮ ಬೈಗೆ (ಬೂತಾಯಿ), ಬಂಗಡೆ ಒಮೆಗಾ-3 ಚೆನ್ನಾಗಿರುವ ಮೀನುಗಳೇ. ಎಣ್ಣೆಯಲ್ಲಿ ಹುರಿಯುವುದಕ್ಕಿಂತ ಸಾರು ಮಾಡಿದರೆ ಒಳ್ಳೆಯದು. ಹಾಗಂತ "ಬೂತಾಯಿ ತಿಂದರೆ ಮೈಗ್ರೇನ್‌ ಮಾಯ" ಎಂದು ಇನ್ನೊಂದು ಫಾರ್ವರ್ಡ್‌ ಹುಟ್ಟಿಸಬೇಡಿ. ಅದು ಲೆಕ್ಕ ಹಾಕಿ ಕೊಟ್ಟ ಊಟ, ಒಂದು ದಿನದ ಸಾರಲ್ಲ.

ಮೆಗ್ನೀಸಿಯಂ ರಾಗಿ, ಹುರುಳಿ, ಎಳ್ಳು, ಸೊಪ್ಪು, ಗೇರುಬೀಜಗಳಲ್ಲಿದೆ. ಒಂದು ಹಿಡಿ ಗೇರುಬೀಜದಲ್ಲಿ ಸುಮಾರು 75 ಮಿಲಿಗ್ರಾಂ. ಪ್ರಯೋಗದ 600 ಮಿಲಿಗ್ರಾಂ ಇದರಿಂದಲೇ ಸಿಗದು, ಆದರೆ ಊಟದ ಕೊರತೆ ತುಂಬುತ್ತದೆ.

ಮಾತ್ರೆಗಿಂತ ಮೊದಲು ನೋಡಬೇಕಾದ್ದು

ಹಲವರಿಗೆ ಮೈಗ್ರೇನ್‌ ಕೆರಳಿಸುವುದು ನಿದ್ದೆಗೆಡುವುದು, ಹೊತ್ತಿಗೆ ಸರಿಯಾಗಿ ಊಟ ಮಾಡದಿರುವುದು, ಬಿಸಿಲು, ಮುಟ್ಟಿನ ದಿನಗಳು. ಬೆಳಗಿನ ತನಕ ಆಟ ನೋಡಿ, ಮರುದಿನ ಬರೀ ಚಾ ಕುಡಿದು ಕೆಲಸಕ್ಕೆ ಹೋದರೆ ಯಾವ ವಿಟಮಿನ್‌ ಕೂಡ ಕಾಯುವುದಿಲ್ಲ. ಆಟ ಬಿಡಬೇಕಿಲ್ಲ, ಹೋಗುವ ಮೊದಲು ಊಟ ಮಾಡಿ, ನೀರು ಕುಡಿಯಿರಿ, ಮರುದಿನ ವಿಶ್ರಾಂತಿ ಇಟ್ಟುಕೊಳ್ಳಿ. ತಲೆನೋವು ಬಂದ ದಿನ, ತಿಂದದ್ದು, ನಿದ್ದೆ, ನುಂಗಿದ ಮಾತ್ರೆ ಇವನ್ನು ಗೋಡೆಯ ಕ್ಯಾಲೆಂಡರ್‌ನಲ್ಲೇ ಗುರುತು ಹಾಕಿ.

ಆ ಗುರುತಿನಲ್ಲಿ ಇನ್ನೊಂದು ಸತ್ಯ ಹೊರಬರಬಹುದು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಬೆರಕೆ ನೋವಿನ ಮಾತ್ರೆಯನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರತೊಡಗುತ್ತದೆ. ಆಗ ಬೇಕಾದ್ದು ಪೂರಕ ಮಾತ್ರೆಯಲ್ಲ, ವೈದ್ಯರ ಸಹಾಯ.

ತಡಮಾಡಬಾರದ ಲಕ್ಷಣಗಳು

ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದೊಂದಿಗೆ ಕುತ್ತಿಗೆ ಸೆಟೆದುಕೊಳ್ಳುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ತಲೆಗೆ ಪೆಟ್ಟಾದ ಮೇಲಿನ ನೋವು: ಇವಿದ್ದರೆ 108ಕ್ಕೆ ಕರೆ ಮಾಡಿ. 50 ವರ್ಷದ ನಂತರ ಹೊಸದಾಗಿ ಶುರುವಾದ ಅಥವಾ ಗರ್ಭಿಣಿಯಾಗಿರುವಾಗ ಕಾಣಿಸಿದ ತಲೆನೋವನ್ನು ಬೇಗ ತೋರಿಸಿ. ನೋವಿಗೆ ಮೊದಲು ಕಣ್ಣಮುಂದೆ ಮಿಂಚು, ಅಂಕುಡೊಂಕು ಗೆರೆ ಕಾಣುವ ಹೆಂಗಸರು ಗರ್ಭನಿರೋಧಕ ಮಾತ್ರೆ ಶುರುಮಾಡುವ ಮೊದಲು ವೈದ್ಯರಿಗೆ ಅದನ್ನು ಹೇಳಲೇಬೇಕು. ನಿಮ್ಹಾನ್ಸ್‌ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಯೋಜನೆಯಲ್ಲಿ ತಲೆನೋವೂ ಸೇರಿದೆ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಫಾರ್ವರ್ಡ್‌ ಮಾಡುವುದಿದ್ದರೆ ಇದನ್ನು ಮಾಡಿ

"ಮೆಗ್ನೀಸಿಯಂ, ಬಿ2 ಕೆಲವರಿಗೆ ಮೈಗ್ರೇನ್‌ ಕಡಿಮೆ ಮಾಡಬಹುದು. ವೈದ್ಯರನ್ನು ಕೇಳಿ ಶುರುಮಾಡಿ, ಮೂರು ತಿಂಗಳು ನೋಡಿ, ಫಲವಿಲ್ಲದಿದ್ದರೆ ದುಡ್ಡು ಸುರಿಯಬೇಡಿ. ಇರುವ ಮದ್ದು ಬಿಡಬೇಡಿ. ತಿಂಗಳಿಗೆ ಎಷ್ಟು ದಿನ ನೋವಿನ ಮಾತ್ರೆ ತಗೊಳ್ಳುತ್ತೀರಿ ಎಂದು ಮೊದಲು ಎಣಿಸಿ."