ಸೂರಿಲ್ಲದ ಕಾರಿಗೆ ಕಮಾನಿನ ಕಾವಲು

ಹುನಗುಂದ ತಾಲ್ಲೂಕಿನ ರೈತರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಗೆಳೆಯರ ಜೊತೆ ಸೇರಿ ತಾನೇ ಒಂದು ಕಾರು ಕಟ್ಟುವ ಹಂಬಲ ಹುಡುಗನಿಗೆ. ಅದಕ್ಕೆ ಛಾವಣಿ ಇಲ್ಲ, ಬಾಗಿಲಿಲ್ಲ, ಗಾಜಿಲ್ಲ. ಉಕ್ಕಿನ ಪೈಪುಗಳ ಚೌಕಟ್ಟು, ನಾಲ್ಕು ಗಾಲಿ, ಒಂದು ಎಂಜಿನ್, ಒಂದು ಸೀಟು, ಅಷ್ಟೆ. ಅಪ್ಪನಿಂದ ಸ್ವಲ್ಪ ಹಣವನ್ನೂ ಕೇಳಿದ್ದಾನೆ. ‘ರೊಕ್ಕದ ಚಿಂತಿ ಇಲ್ರಿ ಸರ, ಹೆಂಗರ ಮಾಡಿ ಕೊಡ್ತೇನಿ. ನಾ ಕೇಳೂದು ಒಂದ ಮಾತು. ಆ ಗಾಡಿ ಪಲ್ಟಿ ಆದ್ರ ಆ ಪೈಪು ನಮ್ಮ ಹುಡುಗನ್ನ ಉಳಸ್ತಾವೇನ್ರಿ?’ ಎಂದು ಕೇಳಿದ್ದಾರೆ.

ಸರಿಯಾದ ಪ್ರಶ್ನೆ. ಕಾರು ಕಟ್ಟುವ ಹುಡುಗರು ಎಂಜಿನ್ನಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಪಲ್ಟಿಯ ಬಗ್ಗೆ ಯೋಚಿಸುವವರು ಮನೆಯಲ್ಲಿರುವ ಅಪ್ಪ, ಅವ್ವ. ಇಬ್ಬರೂ ಕೂಡಿ ಓದಲಿ ಎಂದು ಈ ವಾರ ಇದೇ ವಿಷಯ.

ಬಿಡಿಭಾಗಗಳನ್ನು ತರಿಸಿ ಮನೆಯ ಶೆಡ್ಡಿನಲ್ಲೇ ಜೋಡಿಸುವ ಕಾರಿಗೆ ‘ಕಿಟ್ ಕಾರು’ ಎಂದು ಹೆಸರು. ಇವುಗಳಲ್ಲಿ ಹೆಸರುವಾಸಿಯಾದದ್ದು 1957ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಹೊರತಂದ ‘ಲೋಟಸ್ ಸೆವೆನ್’. ಜೋಡಿಸಿದ ಕಾರಿಗೆ ಅಲ್ಲಿ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಗಂಟಿಗೆ ಇರಲಿಲ್ಲ. ಹೀಗಾಗಿ ಗಂಟು ಕೊಂಡು ತಾವೇ ಜೋಡಿಸಿಕೊಂಡವರು ಬಹಳ. ತೂಕ ಸುಮಾರು 500 ಕಿಲೊ ಮಾತ್ರ. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಅದೇ ಜಾಯಮಾನದ ಕಾರು ಇಂದಿಗೂ ತಯಾರಾಗುತ್ತಿದೆ. ನಮ್ಮಲ್ಲೂ 1990ರ ದಶಕದ ಕೊನೆಗೆ ಬೆಂಗಳೂರಿನ ಸ್ಯಾನ್ ಸಂಸ್ಥೆ ‘ಸ್ಟಾರ್ಮ್’ ಎಂಬ ಎರಡು ಸೀಟಿನ, ಫೈಬರ್ ಗಾಜಿನ ಮೈಯ ತೆರೆದ ಕಾರನ್ನು ತಂದಿತ್ತು. ಆದರೆ ನಮ್ಮ ಕಾಲೇಜು ಹುಡುಗರಿಗೆ ಹುಚ್ಚು ಹಿಡಿಸಿದ್ದು ‘ಬಾಹಾ’ ಸ್ಪರ್ಧೆ. ಅಮೆರಿಕದಲ್ಲಿ 1976ರಲ್ಲಿ ಆರಂಭವಾದ ಇದು 2007ರಲ್ಲಿ ಇಂದೋರ್ ಬಳಿಯ ಪೀಥಂಪುರಕ್ಕೆ ಬಂತು. ಕಲ್ಲು, ಮಣ್ಣು, ದಿಬ್ಬಗಳ ಮೇಲೆ ಓಡುವ ಒಂದೇ ಸೀಟಿನ ತೆರೆದ ಗಾಡಿಯನ್ನು ವಿದ್ಯಾರ್ಥಿಗಳೇ ರೂಪಿಸಿ, ಕಟ್ಟಿ, ಓಡಿಸಿ ತೋರಿಸಬೇಕು.

ಮಾಮೂಲಿ ಕಾರು ಮಗುಚಿದರೆ ನೆಲಕ್ಕೆ ಮೊದಲು ತಾಗುವುದು ಅದರ ಛಾವಣಿ. ತೆರೆದ ಕಾರು ಮಗುಚಿದರೆ? ಚಾಲಕನ ತಲೆ! ಇಡೀ ಸಮಸ್ಯೆ ಇಷ್ಟೇ.

ಗಾಡಿ ಯಾಕೆ ಮಗುಚುತ್ತದೆ? ಒಂದು ಬೆಂಕಿಪೊಟ್ಟಣವನ್ನು ಹಲಗೆಯ ಮೇಲೆ ಅಂಗಾತ ಇಟ್ಟು ಹಲಗೆಯನ್ನು ಓರೆ ಮಾಡಿ. ಪೊಟ್ಟಣ ಜಾರುತ್ತದೆ, ಬೀಳುವುದಿಲ್ಲ. ಈಗ ಉದ್ದಕ್ಕೆ ನಿಲ್ಲಿಸಿ ಓರೆ ಮಾಡಿ. ಜಾರುವ ಮೊದಲೇ ಬೀಳುತ್ತದೆ. ಎಡ–ಬಲ ಗಾಲಿಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಗಾಡಿಯ ಸ್ಥಿರತೆಯ ಅಂಕ ಸಿಗುತ್ತದೆ. ಗಾಲಿಗಳ ಅಂತರ 130 ಸೆಂಟಿಮೀಟರ್, ಗುರುತ್ವ ಕೇಂದ್ರ ನೆಲದಿಂದ 40 ಸೆಂಟಿಮೀಟರ್ ಎತ್ತರದಲ್ಲಿ ಇದೆ ಎನ್ನಿ. 65 ಭಾಗಿಸು 40, ಅಂದರೆ ಸುಮಾರು 1.6. ಇಂಥ ಗಾಡಿಯನ್ನು ಪಕ್ಕಕ್ಕೆ ಸುಮಾರು 58 ಡಿಗ್ರಿ ಓರೆ ಮಾಡಿದರೆ ಮಾತ್ರ ಮಗುಚುತ್ತದೆ. ಗಾಲಿ ಅಂತರ 150, ಗುರುತ್ವ ಕೇಂದ್ರ 75 ಸೆಂಟಿಮೀಟರ್ ಇರುವ ಎತ್ತರದ ಗಾಡಿಯ ಅಂಕ 1 ಮಾತ್ರ. 45 ಡಿಗ್ರಿಗೇ ಮುಗಿಯಿತು.

‘ನಮ್ಮ ಗಾಡಿ ಕುಳ್ಳಗಿದೆ, ಅಗಲವಾಗಿದೆ, ಮಗುಚುವುದೇ ಇಲ್ಲ’ ಎಂದು ಹುಡುಗರು ವಾದಿಸುವುದು ಈ ಲೆಕ್ಕದ ಬಲದ ಮೇಲೆ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಅದು ಬಹುಮಟ್ಟಿಗೆ ನಿಜ. ತಿರುವಿನಲ್ಲಿ ವೇಗ ಹೆಚ್ಚಾದರೆ ಇಂಥ ಗಾಡಿಯ ಟೈರು ಮೊದಲು ಜಾರುತ್ತದೆ. ಆದರೆ ಜಾರುತ್ತಿರುವ ಗಾಡಿಗೆ ಏನಾದರೂ ಅಡ್ಡ ಬಂದರೆ? ನಡೆಯುವವನು ಕಲ್ಲಿಗೆ ಎಡವಿ ಮುಗ್ಗರಿಸುವಂತೆ ಗಾಡಿಯೂ ಎಡವುತ್ತದೆ. ಹುನಗುಂದದ ಎರೆ ಭೂಮಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದ ಮೇಲೆ ರಸ್ತೆಯ ಅಂಚಿನಿಂದ ಗಾಲಿ ಇಳಿದರೆ ಕಪ್ಪು ಮಣ್ಣು ಅದನ್ನು ಕಚ್ಚಿ ಹಿಡಿಯುತ್ತದೆ. ಗಾಲಿ ನಿಂತಿತು, ಮೇಲಿನ ಮೈ ನಿಲ್ಲಲಿಲ್ಲ. ಬಾದಾಮಿಯ ಕಡೆ ಮಣ್ಣಿನ ಬದಲು ಬಂಡೆಯ ಮೂಲೆ ಆ ಕೆಲಸ ಮಾಡುತ್ತದೆ. ಇಂಥಲ್ಲಿ 1.6 ಎಂಬ ಅಂಕವನ್ನು ನಂಬಿ ಕೂರಲಾಗದು.

ಇನ್ನು ಪೆಟ್ಟಿನ ಲೆಕ್ಕ. ಗಾಡಿ 250 ಕಿಲೊ, ಹುಡುಗ 70 ಕಿಲೊ, ಒಟ್ಟು 320. ತಲೆಕೆಳಗಾಗಿ ಬರೇ 30 ಸೆಂಟಿಮೀಟರ್ ಎತ್ತರದಿಂದ ಬಿದ್ದು, ಪೈಪು ಮತ್ತು ಮಣ್ಣು ಸೇರಿ 5 ಸೆಂಟಿಮೀಟರ್ ತಗ್ಗಿ ನಿಂತಿತು ಎನ್ನೋಣ. ಒಟ್ಟು ಇಳಿದದ್ದು 35 ಸೆಂಟಿಮೀಟರ್, ಶಕ್ತಿ ಕರಗಿದ್ದು 5 ಸೆಂಟಿಮೀಟರಿನಲ್ಲಿ. ಆದ್ದರಿಂದ ಸರಾಸರಿ ಬಲ ತೂಕದ 7 ಪಟ್ಟು, ಅಂದರೆ 2,240 ಕಿಲೊ ಭಾರ! ಅದೇ ಒಂದೇ ಸೆಂಟಿಮೀಟರಿನಲ್ಲಿ ನಿಂತರೆ 31 ಪಟ್ಟು. ಇದರಿಂದ ಎರಡು ಪಾಠ. ಗಾಡಿಯನ್ನು ನಾಲ್ಕು ಹುಡುಗರು ಎತ್ತಿ ಬೋರಲು ಹಾಕಿ ‘ನೋಡಿ, ಬಾಗಲಿಲ್ಲ’ ಎಂದರೆ ಅದು ಪರೀಕ್ಷೆಯಲ್ಲ. ಎರಡನೆಯದು, ಉಕ್ಕು ಕಲ್ಲಿನಂತೆ ಸೆಟೆದು ನಿಲ್ಲುವುದಕ್ಕಿಂತ ತುಸು ಬಾಗಿ, ಮುರಿಯದೆ ಉಳಿಯುವುದು ಒಳ್ಳೆಯದು.

ಈ ಭಾರ ಹೊರಲೆಂದೇ ಚಾಲಕನ ಬೆನ್ನ ಹಿಂದೆ ಒಂದು, ಸ್ಟಿಯರಿಂಗಿನ ಮುಂದೆ ಇನ್ನೊಂದು ಉಕ್ಕಿನ ಕಮಾನು. ಇವೇ ‘ರೋಲ್ ಬಾರ್’ಗಳು. ಎರಡನ್ನೂ ಪೈಪುಗಳಿಂದ ಕೂಡಿಸಿ ಪಂಜರ ಮಾಡಿದರೆ ‘ರೋಲ್ ಕೇಜ್’. ಹಿಂದಿನ ಕಮಾನಿನ ತುದಿಯಿಂದ ಮುಂದಿನ ಕಮಾನಿನ ತುದಿಗೆ ಒಂದು ದಾರ ಬಿಗಿದು ಕಟ್ಟಿ. ಚಾಲಕನ ಹೆಲ್ಮೆಟ್ಟು ಆ ದಾರಕ್ಕಿಂತ ಕೆಳಗೆ ಇರಬೇಕು. ವಿದ್ಯಾರ್ಥಿಗಳ ‘ಫಾರ್ಮುಲಾ’ ಸ್ಪರ್ಧೆಗಳಲ್ಲಿ ಈ ಅಂತರ ಕನಿಷ್ಠ 5 ಸೆಂಟಿಮೀಟರ್. ಗುಡ್ಡ ಹತ್ತಿಳಿಯುವ ಬಾಹಾ ಗಾಡಿಯಲ್ಲಿ ಹೆಲ್ಮೆಟ್ಟಿಗೂ ಪಂಜರದ ಹೊರಮೈಗೂ ಸುಮಾರು 15 ಸೆಂಟಿಮೀಟರ್, ಮೈಯ ಉಳಿದ ಭಾಗಕ್ಕೆ ಸುಮಾರು 7.5 ಸೆಂಟಿಮೀಟರ್. ಅಳೆಯುವುದು ತಂಡದ ಗಿಡ್ಡ ಹುಡುಗನನ್ನು ಕೂರಿಸಿ ಅಲ್ಲ, ಎಲ್ಲರಿಗಿಂತ ಎತ್ತರದವನನ್ನು ಕೂರಿಸಿ.

ಪೈಪು ಯಾವುದು? ಬಾಹಾ ನಿಯಮ ಹೇಳುವುದು 25 ಮಿಲಿಮೀಟರ್ ಹೊರವ್ಯಾಸ, 3 ಮಿಲಿಮೀಟರ್ ದಪ್ಪ, ಕನಿಷ್ಠ 0.18 ಶೇಕಡಾ ಇಂಗಾಲವಿರುವ ಉಕ್ಕು, ಇಲ್ಲವೇ ಅದಕ್ಕೆ ಸಮವೆಂದು ಲೆಕ್ಕ ಹಾಕಿ ತೋರಿಸಿದ್ದು. ಟೊಳ್ಳು ಪೈಪು ಯಾಕೆ, ಗಟ್ಟಿ ಸರಳು ಯಾಕಲ್ಲ ಎಂದು ಕೇಳಬಹುದು. ಈ ಪೈಪಿನಷ್ಟೇ ತೂಕದ ಗಟ್ಟಿ ಸರಳು ತೆಗೆದುಕೊಂಡರೆ ಅದರ ವ್ಯಾಸ 16 ಮಿಲಿಮೀಟರಿನ ಆಸುಪಾಸು. ಬಾಗುವಿಕೆಯನ್ನು ತಡೆಯುವುದರಲ್ಲಿ ಪೈಪು ಆ ಸರಳಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಬಿಗಿ. ಬಿದಿರು ಟೊಳ್ಳಾಗಿದ್ದೂ ಗಾಳಿಗೆ ನಿಲ್ಲುವ ಗುಟ್ಟು ಇದೇ.

ಪೇಟೆಯ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ನಲ್ಲಿಗೆ ಹಾಕುವ ಜಿಐ ಪೈಪು. ನೋಡಲು ದಪ್ಪ, ದರ ಅಗ್ಗ. ಅದು ನೀರಿನ ಒತ್ತಡ ತಡೆಯಲೆಂದು ಮಾಡಿದ್ದು, ಮನುಷ್ಯನ ತಲೆ ಕಾಯಲೆಂದಲ್ಲ. ಮೇಲಿನ ಸತುವಿನ ಲೇಪ ಬೆಸುಗೆಯ ಕಾವಿಗೆ ಹೊಗೆಯಾಗಿ ಎದ್ದು ಬೆಸೆಯುವವನ ಎದೆಗೂ ಕೆಡುಕು, ಬೆಸುಗೆಗೂ ಕೆಡುಕು. ಬಾಗಿಸುವಾಗ ಒಳಬದಿ ಚಪ್ಪಟೆಯಾಗಿ ಮಡಿಕೆ ಬಿದ್ದರೆ ಆ ಪೈಪು ಎಷ್ಟೇ ಒಳ್ಳೆಯದಿದ್ದರೂ ಕಮಾನಿಗೆ ಬೇಡ. ಮಡಿಕೆ ಬಿದ್ದಲ್ಲೇ ಅದು ಮುಂದೆ ಮಡಚಿಕೊಳ್ಳುವುದು. ಕಮಾನು ಒಂಟಿಯಾಗಿಯೂ ನಿಲ್ಲಬಾರದು. ಹಿಂದಕ್ಕೆ ಓರೆ ಆಸರೆಗಳಿರಬೇಕು, ಎಲ್ಲ ಕಡೆ ತ್ರಿಕೋನ ಕಾಣಬೇಕು. ನಾಲ್ಕು ಕಡ್ಡಿಗಳ ಚೌಕವನ್ನು ಮೂಲೆ ಹಿಡಿದು ಒತ್ತಿದರೆ ಓರೆಯಾಗುತ್ತದೆ, ಮೂರು ಕಡ್ಡಿಗಳ ತ್ರಿಕೋನ ಅಲುಗುವುದಿಲ್ಲ. ಹೈಸ್ಕೂಲಿನ ರೇಖಾಗಣಿತ ಇಲ್ಲಿ ಜೀವ ಕಾಯುತ್ತದೆ.

ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೂಡಿಕೆ ಸರಿಯಿಲ್ಲದಿದ್ದರೆ ಎಂಥ ರೇಷ್ಮೆ ಹಾಕಿಯೂ ಉಪಯೋಗವಿಲ್ಲ. ಚೌಕಟ್ಟಿನ ಬೆಸುಗೆಯ ಕಥೆಯೂ ಹಾಗೆಯೆ. ಮೇಲೆ ನುಣುಪಾಗಿ ಕಂಡ ಮಾತ್ರಕ್ಕೆ ಒಳಗೆ ಬೆರೆತಿದೆ ಎನ್ನಲಾಗದು. ಅದಕ್ಕೇ ಬಾಹಾದಲ್ಲಿ ಬೆಸೆಯುವವನು ಮಾದರಿ ಬೆಸುಗೆಗಳನ್ನು ಮಾಡಿಕೊಡಬೇಕು. ಒಂದನ್ನು ಮುರಿಯುವವರೆಗೆ ಬಗ್ಗಿಸಿ ಎಳೆದು ನೋಡುತ್ತಾರೆ, ಇನ್ನೊಂದನ್ನು ಸೀಳಿ ಲೋಹ ಎಷ್ಟು ಆಳಕ್ಕೆ ಇಳಿದಿದೆ ನೋಡುತ್ತಾರೆ. 1963ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ಬಾಗಲಕೋಟೆಯಂಥ ಊರಿನಲ್ಲಿ ಇಂಥ ಪರೀಕ್ಷೆಗೆ ಯಂತ್ರವಾಗಲಿ, ತಿಳಿದ ಗುರುಗಳಾಗಲಿ ಸಿಗುವುದು ಕಷ್ಟವಲ್ಲ. ಕೇಳುವ ಮನಸ್ಸು ಬೇಕು.

ಕಮಾನು ಎಷ್ಟು ಗಟ್ಟಿ ಇದ್ದರೂ ಬೆಲ್ಟು ಕಟ್ಟದವನಿಗೆ ಅದು ಶತ್ರು. ಮಗುಚುವಾಗ ಅವನು ಹೊರಗೆ ಹಾರುತ್ತಾನೆ, ಕಾಯಬೇಕಾದ ಕಮಾನೇ ಅವನ ಮೇಲೆ ಬೀಳುತ್ತದೆ. ಹೊಟ್ಟೆಗೆ ಮಾತ್ರ ಕಟ್ಟುವ ಬೆಲ್ಟೂ ಸಾಲದು. ಎರಡೂ ಹೆಗಲ ಮೇಲೆ ಬರುವ ಬೆಲ್ಟು ಬೇಕು. ಬೀಳುವಾಗ ಕೈ ಊರಿಕೊಳ್ಳುವುದು ಮನುಷ್ಯನ ಸಹಜ ಗುಣ. ಪಂಜರದಿಂದ ಹೊರಚಾಚಿದ ಕೈ ಗಾಡಿಯ ಅಡಿಗೆ ಸಿಗುತ್ತದೆ. ಆದ್ದರಿಂದ ಬಾಹಾ ಚಾಲಕರ ತೋಳಿಗೂ ಪಟ್ಟಿ ಕಟ್ಟುತ್ತಾರೆ. ತಲೆ ತಾಗಬಹುದಾದ ಪೈಪಿಗೆ ಮೆತ್ತೆ ಸುತ್ತಬೇಕು. ಹೆಲ್ಮೆಟ್ಟಿಲ್ಲದ ತಲೆಗೆ ಬರಿ ಉಕ್ಕಿನ ಪೈಪು ಸಣ್ಣ ಅಪಘಾತದಲ್ಲೂ ಸುತ್ತಿಗೆಯೇ. ಜಾತ್ರೆ, ಮೆರವಣಿಗೆಗಳಲ್ಲಿ ತೆರೆದ ಜೀಪಿಗೆ ಹೊಳೆಯುವ ಸ್ಟೀಲ್ ಕಂಬಿ ಹಾಕಿಸಿ, ಅದನ್ನು ಹಿಡಿದು ನಿಲ್ಲುವ ಹುಡುಗರನ್ನು ಕಾಣುತ್ತೇವೆ. ತೆಳು ತಗಡಿಗೆ ನಾಲ್ಕು ಬೋಲ್ಟಿನಲ್ಲಿ ನಿಂತ ಆ ಕಂಬಿ ಅಲಂಕಾರಕ್ಕೆ ಮಾತ್ರ. ನಿಂತವರು ಗುರುತ್ವ ಕೇಂದ್ರವನ್ನೂ ಮೇಲೇರಿಸಿರುತ್ತಾರೆ!

ದುಡ್ಡು, ವಿದ್ಯೆ ಎರಡೂ ತುಂಬಿ ತುಳುಕುವಲ್ಲೂ ಕಮಾನು ಸೋತದ್ದುಂಟು. 2022ರ ಜುಲೈ 3ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಫಾರ್ಮುಲಾ ಒನ್ ಪಂದ್ಯದ ಆರಂಭದಲ್ಲೇ ಚೀನಾದ ಝೋ ಗ್ವಾನ್ಯು ಅವರ ಕಾರು ಬೋರಲಾಗಿ ಜಾರುತ್ತ ಹೋಯಿತು. ತಲೆಯ ಹಿಂದಿನ ಕಮಾನು ಕಿತ್ತುಹೋಯಿತು. ಅವರನ್ನು ಉಳಿಸಿದ್ದು ಚಾಲಕನ ತಲೆಯ ಸುತ್ತ ಬರುವ ‘ಹೇಲೋ’ ಎಂಬ ಇನ್ನೊಂದು ಲೋಹದ ಬಳೆ. ಅದನ್ನು 2018ರಲ್ಲಿ ಕಡ್ಡಾಯ ಮಾಡಿದಾಗ ಕಾರಿನ ಅಂದ ಕೆಟ್ಟಿತೆಂದು ಗೊಣಗಿದವರು ಬಹಳ ಮಂದಿ. ಆ ಅಪಘಾತದ ನಂತರ ಕಮಾನಿನ ನಿಯಮ ಬಿಗಿಯಾಯಿತು, ನೆಲವನ್ನು ಅಗೆಯದೆ ಜಾರುವಂತೆ ಅದರ ನೆತ್ತಿ ದುಂಡಗಾಗಬೇಕೆಂದಾಯಿತು. ಒಂದು ಕಾವಲು ಸೋತರೆ ಇನ್ನೊಂದು ಇರಲಿ ಎಂಬುದೇ ಇದರ ತಿರುಳು.

ಈಗ ಪತ್ರ ಬರೆದ ಹಿರಿಯರಿಗೆ ನಮ್ಮದೊಂದು ಮರುಪ್ರಶ್ನೆ. ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಇದೆಯೆ? ಇದ್ದರೆ ಅದಕ್ಕೆ ಕಮಾನು ಇದೆಯೆ? ಟ್ರ್ಯಾಕ್ಟರೂ ಸೂರಿಲ್ಲದ ಗಾಡಿಯೇ, ಅದೂ ಎತ್ತರದ್ದು. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಹೇರಿ ದಿಬ್ಬ ಹತ್ತುವಾಗ ಮುಂದಿನ ಗಾಲಿಗಳು ಮೇಲೇಳುವುದನ್ನು ನೋಡಿ ನಗುತ್ತೇವೆ. ಹಿಂದಕ್ಕೆ ಮಗುಚತೊಡಗಿದ ಟ್ರ್ಯಾಕ್ಟರನ್ನು ತಡೆಯಲು ಚಾಲಕನಿಗೆ ಸಿಗುವುದು ಒಂದು ಸೆಕೆಂಡಿಗೂ ಕಡಿಮೆ ಹೊತ್ತು. ಒಂದೂವರೆ ಸೆಕೆಂಡಿನಲ್ಲಿ ಅದು ಅವನ ಮೇಲಿರುತ್ತದೆ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ರಕ್ಷಣಾ ಚೌಕಟ್ಟನ್ನು ಕಡ್ಡಾಯ ಮಾಡಿತು. ಮುಂದಿನ ಮೂರು ದಶಕಗಳಲ್ಲಿ ಅಲ್ಲಿ ಟ್ರ್ಯಾಕ್ಟರ್ ಮಗುಚಿ ಸಾಯುವುದು ಬಲು ಅಪರೂಪವಾಯಿತು. ಆದರೆ ಒಂದು ಎಚ್ಚರಿಕೆ: ಊರ ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಬಾಗಿಸಿ ಟ್ರ್ಯಾಕ್ಟರಿಗೆ ಕೂರಿಸಬೇಡಿ. ಆ ಮಾದರಿಗೆಂದೇ ಪರೀಕ್ಷೆಯಾದ ಚೌಕಟ್ಟನ್ನು ಬೆಲ್ಟಿನ ಸಮೇತ ಕೇಳಿ.

ಕಾನೂನಿನ ಮಾತೂ ಮಗನಿಗೆ ಗೊತ್ತಿರಲಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಹೊಸ ಮಾದರಿಯ ವಾಹನ ಪುಣೆಯ ಎಆರ್‌ಎಐಯಂಥ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆ ಪಾಸಾಗಬೇಕು. ಹುಡುಗರು ಕಟ್ಟಿದ ಗಾಡಿ ನವನಗರದ ರಸ್ತೆಗೆ ಇಳಿಯುವಂತಿಲ್ಲ. ಅದರ ಜಾಗ ಕಾಲೇಜಿನ ಮೈದಾನ, ಸ್ಪರ್ಧೆಯ ಅಂಗಳ.

ಹಾಗಾದರೆ ಹಣ ಕೊಡಬೇಕೆ? ಕೊಡಿ. ಆದರೆ ಕೊಡುವ ಮೊದಲು ಮಗನನ್ನು ಎದುರು ಕೂರಿಸಿಕೊಂಡು ಇಷ್ಟು ಕೇಳಿ. ಪೈಪಿನ ಉಕ್ಕು ಯಾವುದು, ಅದರ ಪರೀಕ್ಷಾ ಪತ್ರ ಎಲ್ಲಿ? ನಿಮ್ಮಲ್ಲಿ ಎಲ್ಲರಿಗಿಂತ ಎತ್ತರದವನ ಹೆಲ್ಮೆಟ್ಟಿಗೂ ದಾರಕ್ಕೂ ಎಷ್ಟು ಬೆರಳು ಅಂತರ? ಬೆಸೆದವರು ಯಾರು, ಅವರ ಮಾದರಿ ಬೆಸುಗೆಯನ್ನು ಸೀಳಿ ನೋಡಿದಿರಾ? ಬೆಲ್ಟು ಹೆಗಲಿಗಿದೆಯೆ? ಮಗುಚಿದ ಗಾಡಿಯಿಂದ ಬೆಲ್ಟು ಬಿಚ್ಚಿ ಎಷ್ಟು ಸೆಕೆಂಡಿನಲ್ಲಿ ಹೊರಬರುತ್ತಿ, ಮಾಡಿ ತೋರಿಸು. ನಿಮ್ಮ ಗುರುಗಳು ನೋಡಿ ಸಹಿ ಹಾಕಿದ್ದಾರೆಯೆ?

ಇವಕ್ಕೆಲ್ಲ ಅವನು ತಡವರಿಸದೆ ಉತ್ತರ ಹೇಳಿದರೆ ಕೊಟ್ಟ ಹಣ ಸಾರ್ಥಕ. ಅವನು ಎಂಜಿನಿಯರ್ ಆಗುತ್ತಿದ್ದಾನೆ ಎಂದು ತಿಳಿಯಿರಿ. ತಡವರಿಸಿದರೆ ಬೈಯಬೇಡಿ. ‘ತಿಳಕೊಂಡು ಬಾ, ಆಮ್ಯಾಲೆ ಕೊಡ್ತೇನಿ’ ಎನ್ನಿ. ಹಾಗೆಯೇ ಮುಂದಿನ ರಜೆಯಲ್ಲಿ ಅವನು ಊರಿಗೆ ಬಂದಾಗ ಹೊಲದಲ್ಲಿ ನಿಂತ ಟ್ರ್ಯಾಕ್ಟರನ್ನು ಅವನಿಂದ ಅಳೆಸಿ, ಅದರ ಸ್ಥಿರತೆಯ ಬಗ್ಗೆ ಅವನು ಏನು ಹೇಳುತ್ತಾನೆ ಕೇಳಿ. ಅಪ್ಪ ಮಗನಿಗೆ ಕೇಳಿದ ಪ್ರಶ್ನೆಯನ್ನು ಮಗ ಅಪ್ಪನಿಗೂ ಕೇಳಲಿ.