ನೋಡುವವರನ್ನೇ ಕೇಳಿದರೆ ಅಸ್ರುಗೆ ನ್ಯಾಯ ಸಿಗುತ್ತಾ?

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯೂಸಿಯಂ 2025ರಲ್ಲಿ ತನ್ನಲ್ಲಿಗೆ ಬರುವ ಜನರಿಗೆ ಒಂದು ಪ್ರಶ್ನೆ ಹಾಕಿತು: ಅಸ್ರುವಿನ ದೇಹವನ್ನು ಇನ್ನೂ ಪ್ರದರ್ಶನಕ್ಕೆ ಇಡಬೇಕಾ?

ಅಸ್ರು ಸುಮಾರು 2,700 ವರ್ಷಗಳ ಹಿಂದೆ ಈಜಿಪ್ಟಿನ ಥೀಬ್ಸ್‌ನಲ್ಲಿ ಬದುಕಿದ್ದ ಹೆಣ್ಣುಮಗಳು. 1825ರಲ್ಲಿ ಗಾರ್ನೆಟ್ ಸಹೋದರರು ಆಕೆಯ ಮಮ್ಮಿಯನ್ನು ಮ್ಯಾಂಚೆಸ್ಟರ್‌ಗೆ ಕೊಟ್ಟರು. ಅದೇ ವರ್ಷ ಅದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಲಾಯಿತು. ಅಂದರೆ ಇನ್ನೂರು ವರ್ಷ ಆದಮೇಲೆ ಈ ಪ್ರಶ್ನೆ!

ಪ್ರಶ್ನೆ ಕೇಳಿದ್ದು ಒಳ್ಳೆಯದೇ. ಆದರೆ ಕೇಳಿದ್ದು ಯಾರನ್ನ? ನೋಡಲು ಬಂದವರನ್ನ. 2008ರಲ್ಲಿ ಇದೇ ಮ್ಯೂಸಿಯಂ ಬಟ್ಟೆ ಬಿಚ್ಚಿದ್ದ ಮಮ್ಮಿಗಳಿಗೆ ಹೊದಿಕೆ ಹಾಕಿತ್ತು. ಜನ ಗಲಾಟೆ ಮಾಡಿದರು, ಕೆಲವೇ ತಿಂಗಳಲ್ಲಿ ಹಿಂದೆ ಸರಿಯಿತು. ನೋಡುವವರ ಬಹುಮತ ನೋಡಿಸಿಕೊಳ್ಳುವವಳ ಒಪ್ಪಿಗೆ ಆಗೋದಿಲ್ಲ.

ಕಾನೂನೂ ಆಕೆಯ ಪರ ಇಲ್ಲ. ಬ್ರಿಟನ್ನಿನ 2004ರ ಮಾನವ ಅಂಗಾಂಶ ಕಾಯ್ದೆ ಪ್ರಕಾರ ಶವವನ್ನು ಪ್ರದರ್ಶಿಸಲು ಒಪ್ಪಿಗೆ ಬೇಕು. ಆದರೆ ಕಾಯ್ದೆ ಜಾರಿಯಾಗುವ ಹೊತ್ತಿಗೆ ಸತ್ತು 100 ವರ್ಷ ದಾಟಿದ್ದವರಿಗೆ ಈ ರಕ್ಷಣೆ ಇಲ್ಲ. ಹಳೆಯ ಹೆಣ ಅಂದರೆ ಬರೀ ವಸ್ತು.

ಈಜಿಪ್ಟೇ ತನ್ನ ರಾಜರನ್ನು ತೋರಿಸುತ್ತಲ್ಲ ಅನ್ನಬಹುದು. ನಿಜ. 2021ರ ಏಪ್ರಿಲ್‌ನಲ್ಲಿ ಕೈರೋದಲ್ಲಿ 22 ರಾಜಮನೆತನದ ಮಮ್ಮಿಗಳನ್ನು ಮೆರವಣಿಗೆಯಲ್ಲೇ ಹೊಸ ಮ್ಯೂಸಿಯಂಗೆ ಒಯ್ದರು. ಹಾಗಾಗಿ ಇದನ್ನು 'ವಸಾಹತುಶಾಹಿ' ಅಂತ ಒಂದೇ ಪದದಲ್ಲಿ ಮುಗಿಸೋಕಾಗಲ್ಲ. ಆದರೆ ಅಲ್ಲಿ ತೀರ್ಮಾನ ಈಜಿಪ್ಟಿನವರದ್ದು. ಅಸ್ರು ವಿಷಯದಲ್ಲಿ ಅದು ಮ್ಯಾಂಚೆಸ್ಟರ್‌ನವರದ್ದು.

ವಿಜ್ಞಾನ? ಸಂಶೋಧಕರು ಆಕೆಯ ದೇಹದಲ್ಲಿ ಪರಾವಲಂಬಿ ಹುಳುಗಳ ಗುರುತು ಪತ್ತೆಹಚ್ಚಿದ್ದಾರೆ. ಅದನ್ನು ತಿಳಿಯೋಕೆ ನಾವು ಗಾಜಿನಾಚೆಯಿಂದ ಆಕೆಯ ಮುಖ ನೋಡಬೇಕಿಲ್ಲ.

ಬೇರೆ ದಾರಿಯೂ ಇದೆ. ಆಕ್ಸ್‌ಫರ್ಡ್‌ನ ಪಿಟ್ ರಿವರ್ಸ್ ಮ್ಯೂಸಿಯಂ 2020ರಲ್ಲಿ ಮಾನವ ಅವಶೇಷಗಳನ್ನು ಪ್ರದರ್ಶನದಿಂದ ತೆಗೆಯಿತು. ಅಲ್ಲಿರುವ ನಾಗಾ ಪೂರ್ವಜರ ಅವಶೇಷಗಳ ಬಗ್ಗೆ ಈಗ ನಾಗಾ ಸಮುದಾಯದ ಜೊತೆಗೇ ಮಾತುಕತೆ ನಡೆಯುತ್ತಿದೆ. ಅಲ್ಲಿ ಕೇಳಬೇಕಾದವರನ್ನು ಕೇಳಲಾಗುತ್ತಿದೆ.

ಸತ್ತವರ ಹೆಸರು ಹೇಳುತ್ತಿದ್ದರೆ ಅವರು ಬದುಕಿರುತ್ತಾರೆ ಅಂತ ಪ್ರಾಚೀನ ಈಜಿಪ್ಟಿನವರು ನಂಬಿದ್ದರು. ಮಮ್ಮಿ ಪ್ರದರ್ಶನವನ್ನು ಸಮರ್ಥಿಸುವವರು ಇದನ್ನೇ ಹೇಳುತ್ತಾರೆ. ಆದರೆ ಅದೇ ಜನ ದೇಹವನ್ನು ಪದರ ಪದರವಾಗಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದರು. ಅಸ್ರುವಿನ ಹೆಸರಿರುವುದು ಆಕೆಯ ಶವಪೆಟ್ಟಿಗೆಗಳ ಮೇಲೆ. ನನ್ನ ಪ್ರಕಾರ ಪೆಟ್ಟಿಗೆಗಳನ್ನು ತೋರಿಸಲಿ, ಹೆಸರು ಹೇಳಲಿ, ಕಥೆ ಹೇಳಲಿ. ದೇಹವನ್ನು ಮುಚ್ಚಲಿ. ಅದು ಎಲ್ಲಿರಬೇಕು ಅನ್ನೋದನ್ನು ಈಜಿಪ್ಟಿನವರನ್ನು ಕೇಳಲಿ.